ಫಿಲ್ಟರ್ ಇಲ್ಲದ ಹಾಟ್ ರಾಡ್: ತೆರೆದ ಸ್ಟ್ಯಾಕ್, ಜಾಲರಿ, ಫೋಮ್, ದೊಡ್ಡ ಡಬ್ಬಿ – ಯಾವುದು ಯಾರಿಗೆ?

ಹಳೆಯ ಕಾರನ್ನು ವೇಗಕ್ಕಾಗಿ ಮಾರ್ಪಡಿಸಿ ಕಟ್ಟಿದ್ದೇ ಹಾಟ್ ರಾಡ್. ಬಾನೆಟ್ ಇಲ್ಲದ ಹಾಟ್ ರಾಡ್‌ನಲ್ಲಿ ಎಂಜಿನ್ನೇ ಮುಖ. ಅದರ ನೆತ್ತಿಯ ಮೇಲೆ ಅಗಲವಾದ ಫಿಲ್ಟರ್ ಡಬ್ಬಿ ಕೂರಿಸಲು ಯಾರಿಗೂ ಮನಸ್ಸು ಬರುವುದಿಲ್ಲ. ಸಾಲಾಗಿ ಬಾಯಿ ತೆರೆದು ನಿಂತ ಸ್ಟ್ಯಾಕ್‌ಗಳ, ಅಂದರೆ ಎಂಜಿನ್ ಗಾಳಿ ಎಳೆಯುವ ಕೊಳವೆಗಳ, ಚೆಂದವೇ ಬೇರೆ. ಇತ್ತ, ಈಗಷ್ಟೇ ಬೋರ್ ಮಾಡಿಸಿ ಹೊಸ ರಿಂಗ್ ಹಾಕಿದ ಎಂಜಿನ್‌ಗೆ ರಸ್ತೆಯ ಧೂಳು ಕುಡಿಸಲೂ ಮನಸ್ಸಾಗುವುದಿಲ್ಲ. ನಡುವೆ ಜಾಲರಿ, ಫೋಮ್ ಟೋಪಿ, ಚಿಕ್ಕ ಕ್ರೋಮ್ ಫಿಲ್ಟರ್ ಎಂದು ಹಲವು ದಾರಿಗಳಿವೆ. ‘ಫಿಲ್ಟರ್ ತೆಗೆದರೆ ಪವರ್ ಹೆಚ್ಚುತ್ತದೆ’ ಎಂಬ ಮಾತಂತೂ ಎಲ್ಲರ ಬಾಯಲ್ಲೂ ಇದೆ. ಎಷ್ಟು ಹೆಚ್ಚುತ್ತದೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ಆ ಲೆಕ್ಕ ಗೊತ್ತಾದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

## ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು

ಎಲ್ಲಕ್ಕಿಂತ ಮುಖ್ಯವಾದದ್ದು: ಈ ಎಂಜಿನ್ ಮತ್ತೆ ಬಿಚ್ಚುವುದು ಯಾವಾಗ? ಒಂದು ಸೀಸನ್ ಓಡಿಸಿ ಹೇಗೂ ರಿಂಗ್, ಬೇರಿಂಗ್ ಬದಲಿಸುವ ರೇಸ್ ಎಂಜಿನ್‌ಗೂ, ಎಂಬತ್ತು ಸಾವಿರ ಕಿಲೋಮೀಟರ್ ಬಾಳಬೇಕಾದ ರಸ್ತೆಯ ಎಂಜಿನ್‌ಗೂ ಉತ್ತರ ಒಂದೇ ಆಗಿರಲಾರದು. ಎರಡನೆಯದು, ಅದು ಉಸಿರಾಡುವ ಗಾಳಿ ಎಂಥದ್ದು. ಗುಡಿಸಿದ ಡಾಂಬರ್ ಟ್ರ್ಯಾಕ್, ಹೆದ್ದಾರಿ, ಮಣ್ಣಿನ ದಾರಿ ಮೂರೂ ಬೇರೆ ಬೇರೆ. ಮೂರನೆಯದು, ಗಾಳಿಯ ಒತ್ತಡ ನಿಜಕ್ಕೂ ಎಷ್ಟು ಕಡಿಮೆಯಾಗುತ್ತಿದೆ. ನಾಲ್ಕನೆಯದು ಬೆಂಕಿ: ಕಾರ್ಬ್ಯುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಮೂಲಕ ಬ್ಯಾಕ್‌ಫೈರ್ ಆದರೆ ಜ್ವಾಲೆ ಎಲ್ಲಿಗೆ ಹೋಗುತ್ತದೆ? ಇವಾದ ಮೇಲೆ ಜಾಗ, ನೋಟ, ಖರ್ಚು, ತೊಳೆಯುವ ತಾಳ್ಮೆ.

ಧೂಳಿನ ವಿಷಯ ಕೊಂಚ ಬಿಡಿಸಿ ಹೇಳಬೇಕು. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಹತ್ತಡಿಗೆ ಹತ್ತಡಿ ಕೋಣೆಯೊಂದರಲ್ಲಿ ಇರುವ ಗಾಳಿಯ ಸುಮಾರು ಮೂರನೇ ಒಂದು ಪಾಲು. ಎಂಟು ಸಿಲಿಂಡರ್‌ನ ದೊಡ್ಡ ವಿ8 ಎಂಜಿನ್ ಒಂದು ಲೀಟರಿಗೆ 5 ಕಿಲೋಮೀಟರ್ ಕೊಟ್ಟರೆ, ನೂರು ಕಿಲೋಮೀಟರ್‌ನಲ್ಲಿ ಅಂಥ ಆರೇಳು ಕೋಣೆಗಳ ಗಾಳಿ ಎಳೆದಿರುತ್ತದೆ. ರಸ್ತೆ ಧೂಳಿನ ಬಹುಪಾಲು ಸಿಲಿಕಾ, ಅಂದರೆ ಮರಳಿನ ಪುಡಿ. ಮೋಸ್ ಮಾಪಕದಲ್ಲಿ ಅದರ ಗಡಸುತನ 7. ಬೋರ್‌ನ, ಅಂದರೆ ಸಿಲಿಂಡರ್ ಒಳಗೋಡೆಯ, ಬೀಡುಕಬ್ಬಿಣ ಅದಕ್ಕಿಂತ ಮೆತ್ತಗೆ. ಕಣ್ಣಿಗೆ ಕಾಣುವ ಕಲ್ಲಿಗಿಂತ ಕಾಣದ 5ರಿಂದ 20 ಮೈಕ್ರಾನ್ ಕಣಗಳೇ ಹೆಚ್ಚು ಅಪಾಯ. ರಿಂಗ್‌ಗೂ ಬೋರ್‌ಗೂ ನಡುವಿನ ಆಯಿಲ್ ಪದರ ತೆಳ್ಳಗಾಗುವ ಕಡೆ ಆ ಕಣಗಳು ಎರಡೂ ಮೈಯನ್ನು ಒಟ್ಟಿಗೇ ಉಜ್ಜುತ್ತವೆ. ಮೊದಲು ಸವೆಯುವುದು ಮೇಲಿನ ರಿಂಗ್ ಮತ್ತು ಅದು ಕೂರುವ ತೋಡು, ಬೋರ್‌ನ ಮೇಲ್ತುದಿ, ಇನ್‌ಟೇಕ್ ವಾಲ್ವ್ ಗೈಡ್. ಅಲ್ಲಿಂದ ಆಯಿಲ್‌ಗೆ ಇಳಿದ ಧೂಳು ಬೇರಿಂಗ್ ಸೇರುತ್ತದೆ. ಎಂಜಿನ್ ಒಂದೇ ದಿನ ಕೆಡುವುದಿಲ್ಲ. ‘ಫಿಲ್ಟರ್ ಇಲ್ಲದೆ ಓಡಿಸಿದೆ, ಏನೂ ಆಗಲಿಲ್ಲ’ ಎನ್ನುವವರು ಹೆಚ್ಚಾಗಿ ಲೀಕ್‌ಡೌನ್ ಪರೀಕ್ಷೆ (ಸಿಲಿಂಡರ್‌ನಿಂದ ಎಷ್ಟು ಗಾಳಿ ಸೋರುತ್ತದೆಂದು ಅಳೆಯುವುದು) ಮಾಡಿಸಿರುವುದಿಲ್ಲ.

## ಪವರ್ ಎಷ್ಟು ಹೋಗುತ್ತದೆ?

ಎಂಜಿನ್ ಗಾತ್ರದ ಕ್ಯೂಬಿಕ್ ಇಂಚನ್ನು ಆರ್‌ಪಿಎಂನಿಂದ ಗುಣಿಸಿ 3456ರಿಂದ ಭಾಗಿಸಿದರೆ ಎಂಜಿನ್ ಎಳೆಯಬಹುದಾದ ಗಾಳಿ ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ಲೆಕ್ಕದಲ್ಲಿ ಸಿಗುತ್ತದೆ. 350 ಕ್ಯೂಬಿಕ್ ಇಂಚಿನ ಸ್ಮಾಲ್ ಬ್ಲಾಕ್ ಷೆವರ್ಲೆ 6000 ಆರ್‌ಪಿಎಂನಲ್ಲಿ ಸುಮಾರು 608; ಸಿಲಿಂಡರ್ ತುಂಬುವ ಸಾಮರ್ಥ್ಯ 85 ಶೇಕಡಾ ಎಂದುಕೊಂಡರೆ 516. ನಾಲ್ಕು ಬ್ಯಾರೆಲ್ (ಗಾಳಿ ಹಾಯುವ ಬಾಯಿ) ಇರುವ ಕಾರ್ಬ್ಯುರೇಟರ್‌ನ ಸಿಎಫ್‌ಎಂ ಅಂಕಿಯನ್ನು 1.5 ಇಂಚು ಪಾದರಸದ ಒತ್ತಡ ವ್ಯತ್ಯಾಸದಲ್ಲಿ ಅಳೆಯುತ್ತಾರೆ. ನೀರಿನ ಲೆಕ್ಕಕ್ಕೆ ತಂದರೆ ಅದು ಸುಮಾರು 20 ಇಂಚು. ಅಂದರೆ 600 ಸಿಎಫ್‌ಎಂ ಕಾರ್ಬ್ಯುರೇಟರ್ ಮೂಲಕ 516 ಸಿಎಫ್‌ಎಂ ಹಾಯುವಾಗ ಕಾರ್ಬ್ಯುರೇಟರ್ ಒಂದರಲ್ಲೇ ಹದಿನೈದು ಇಂಚಿನಷ್ಟು ಒತ್ತಡ ಹೋಗುತ್ತದೆ. ಅಳತೆಗೆ ತಕ್ಕ ಹೊಸ ಫಿಲ್ಟರ್‌ನಲ್ಲಿ ಹೋಗುವುದು ಒಂದೆರಡು ಇಂಚು.

ವಾತಾವರಣದ ಪೂರ್ತಿ ಒತ್ತಡ 407 ಇಂಚು ನೀರು. ಎರಡು ಇಂಚು ಎಂದರೆ ಅದರ ಅರ್ಧ ಶೇಕಡಾ. 300 ಅಶ್ವಶಕ್ತಿಯ ಎಂಜಿನ್‌ನಲ್ಲಿ ಅದು ಒಂದೂವರೆ ಅಶ್ವಶಕ್ತಿ, ಅದೂ ಥ್ರಾಟಲ್ ಪೂರ್ತಿ ತೆರೆದು ಎಂಜಿನ್ ತುದಿಯಲ್ಲಿ ಕೂಗುವಾಗ ಮಾತ್ರ. ಅರ್ಧ ಥ್ರಾಟಲ್‌ನಲ್ಲಿ ಗಾಳಿಯನ್ನು ತಡೆಯುತ್ತಿರುವುದು ಥ್ರಾಟಲ್ ತಟ್ಟೆಯೇ. ಫಿಲ್ಟರ್ ಇದ್ದರೇನು, ಇಲ್ಲದಿದ್ದರೇನು.

ಹಾಗಾದರೆ ಫಿಲ್ಟರ್ ತೆಗೆದಾಗ ಗಾಡಿ ಚುರುಕಾದದ್ದು ಸುಳ್ಳೇ? ಸುಳ್ಳಲ್ಲ. ಆದರೆ ಆಗ ತಪ್ಪು ಫಿಲ್ಟರ್‌ನ ಅಳತೆಯದ್ದು, ಇಲ್ಲವೇ ಮುಚ್ಚಳ ಕಾರ್ಬ್ಯುರೇಟರ್ ಬಾಯಿಗೆ ತೀರಾ ಹತ್ತಿರ ಕೂತಿರುತ್ತದೆ. ತೆರೆದಾಗ ಗರ್ಜನೆ ಜೋರಾಗುವುದರಿಂದ ವೇಗವೂ ಹೆಚ್ಚಾದಂತೆ ಅನ್ನಿಸುವುದೂ ಉಂಟು.

ಕಿವಿಯನ್ನು ನಂಬುವ ಬದಲು ಅಳೆಯಿರಿ. ಒಳವ್ಯಾಸ 5–6 ಮಿಲಿಮೀಟರ್ ಇರುವ ಪಾರದರ್ಶಕ ಟ್ಯೂಬ್ ಎರಡು ಮೂರು ಮೀಟರ್ ತೆಗೆದುಕೊಳ್ಳಿ. ಅದನ್ನು ‘ಯು’ ಆಕಾರದಲ್ಲಿ ಹಲಗೆಗೆ ಕಟ್ಟಿ, ಬಣ್ಣ ಬೆರೆಸಿದ ನೀರು ಅರ್ಧಕ್ಕೆ ತುಂಬಿಸಿ. ನೀರು ಎಂಜಿನ್ ಕಡೆ ಎಳೆದು ಹೋಗದಂತೆ ನೀರಿನ ಮಟ್ಟದ ಮೇಲೆ ಪ್ರತಿ ಕಾಲಿನಲ್ಲೂ 30 ಸೆಂಟಿಮೀಟರ್ ಖಾಲಿ ಇರಲಿ. ಒಂದು ತುದಿಯನ್ನು ಫಿಲ್ಟರ್ ಮುಚ್ಚಳದಲ್ಲಿ, ಬಾಯಿಯ ನೇರಕ್ಕಲ್ಲದೆ ಬದಿಯಲ್ಲಿ ಕೂರಿಸಿದ ಸಣ್ಣ ನಿಪ್ಪಲ್‌ಗೆ ಜೋಡಿಸಿ. ಇನ್ನೊಂದನ್ನು ಗಾಳಿಯ ಹೊಡೆತ ಬೀಳದ ಕಡೆ ತೆರೆದಿಡಿ. ಮುಚ್ಚಿದ ಟ್ರ್ಯಾಕ್‌ನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟು ಗರಿಷ್ಠ ಆರ್‌ಪಿಎಂ ಮುಟ್ಟುವಾಗ ಪಕ್ಕದಲ್ಲಿ ಕೂತವರು ಎರಡು ಮಟ್ಟಗಳ ನಡುವಿನ ಅಂತರವನ್ನು ವಿಡಿಯೊ ಮಾಡಿಕೊಳ್ಳಲಿ. 3 ಇಂಚಿನೊಳಗೆ ಇದ್ದರೆ ಫಿಲ್ಟರ್ ಮುಟ್ಟುವ ಅಗತ್ಯವೇ ಇಲ್ಲ. 3ರಿಂದ 6 ಬಂದರೆ ದೊಡ್ಡ ಎಲಿಮೆಂಟ್ (ಫಿಲ್ಟರ್‌ನ ಸೋಸುವ ಭಾಗ) ಹಾಕಿ. ಅದಕ್ಕೂ ಮೇಲಾದರೆ ಎಲಿಮೆಂಟ್ ಕೊಳೆಯಾಗಿದೆ, ತೀರಾ ಚಿಕ್ಕದಾಗಿದೆ, ಇಲ್ಲವೇ ಗಾಳಿ ಒಳಬರುವ ದಾರಿಯೇ ಕಿರಿದು.

## ತೆರೆದ ಸ್ಟ್ಯಾಕ್, ತೆರೆದ ಕಾರ್ಬ್ಯುರೇಟರ್

ಇದರ ಪರವಾಗಿ ಹೇಳಬಹುದಾದದ್ದನ್ನು ಮೊದಲು ಹೇಳೋಣ. ದಕ್ಷಿಣ ಕ್ಯಾಲಿಫೋರ್ನಿಯಾದ ಒಣ ಸರೋವರಗಳಲ್ಲಿ, 1937ರಲ್ಲಿ ಎಸ್‌ಸಿಟಿಎ ಎಂಬ ವೇಗಸ್ಪರ್ಧೆಯ ಸಂಘ ಹುಟ್ಟಿದ ಕಾಲದಿಂದ ಬೆಳೆದ ಹಾಟ್ ರಾಡ್ ನೋಟಕ್ಕೆ ಇದೇ ಹತ್ತಿರ. ಅಂಚು ಉರುಟಾಗಿರುವ ಸ್ಟ್ಯಾಕ್ ಗಾಳಿಯನ್ನು ಸಲೀಸಾಗಿ ಒಳಗೆ ಬಿಡುತ್ತದೆ. ಚೂಪು ಅಂಚಿನ ಬಾಯಿಗಿಂತ ಇದು ನಿಜಕ್ಕೂ ಮೇಲು. ಪ್ರತಿ ಸಿಲಿಂಡರ್‌ಗೆ ಒಂದೊಂದು ಥ್ರಾಟಲ್ ಇರುವ ಇಂಜೆಕ್ಷನ್‌ನಲ್ಲಿ ಸ್ಟ್ಯಾಕ್‌ನ ಉದ್ದವೂ ಟಾರ್ಕ್ ಯಾವ ಆರ್‌ಪಿಎಂನಲ್ಲಿ ಏರಬೇಕೆಂದು ನಿರ್ಧರಿಸುತ್ತದೆ. ಆದರೆ ಎಲ್ಲ ಸಿಲಿಂಡರ್‌ಗೂ ಒಂದೇ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರ್ ಇದ್ದಾಗ ಉದ್ದದ ಲಾಭ ಇಲ್ಲವೆಂದೇ ಹೇಳಬೇಕು, ಉರುಟು ಅಂಚಿನದು ಮಾತ್ರ ಉಳಿಯುತ್ತದೆ. ಆ ಲಾಭವನ್ನು ಫಿಲ್ಟರ್ ಡಬ್ಬಿಯೊಳಗೇ ಉರುಟು ಬಳೆ ಕೂರಿಸಿ ಪಡೆಯಬಹುದು.

402 ಮೀಟರ್ ಡ್ರ್ಯಾಗ್ ಟ್ರ್ಯಾಕ್‌ಗೆ ಟ್ರೇಲರ್ ಮೇಲೆ ಬಂದು, ಹತ್ತು ಹದಿನೈದು ಸೆಕೆಂಡು ಓಡಿ, ಸೀಸನ್ ಕೊನೆಗೆ ಬಿಚ್ಚಿಕೊಳ್ಳುವ ಎಂಜಿನ್‌ಗೆ ತೆರೆದ ಸ್ಟ್ಯಾಕ್ ಒಪ್ಪುವಂಥ ಆಯ್ಕೆ. ರಸ್ತೆಗೆ ಬಂದ ಕೂಡಲೇ ತೊಂದರೆಗಳು ಸಾಲುಗಟ್ಟುತ್ತವೆ. ಧೂಳು ಒಂದಾಯಿತು. ಇನ್ನೊಂದು, ಬೇಗ ಗಮನಕ್ಕೆ ಬಾರದ್ದು: ಹೋಲಿ ಮಾದರಿಯ ಕಾರ್ಬ್ಯುರೇಟರ್‌ನಲ್ಲಿ ಫ್ಲೋಟ್ ಬೌಲ್‌ನ (ಪೆಟ್ರೋಲ್ ನಿಲ್ಲುವ ಬಟ್ಟಲು) ವೆಂಟ್ ಕೊಳವೆಗಳು ಬಾಯಿಯ ಬಳಿಯೇ ನಿಂತಿರುತ್ತವೆ. ಬಾನೆಟ್ ಇಲ್ಲದ ಗಾಡಿ ಗಂಟೆಗೆ ನೂರು ಕಿಲೋಮೀಟರ್ ಓಡುವಾಗ ಅಡ್ಡಗಾಳಿ ಅವುಗಳ ಮೇಲೆ ಬಡಿದರೆ ಬೌಲ್‌ನ ಒತ್ತಡ ಏರುಪೇರಾಗಿ ಮಿಶ್ರಣ ಒಮ್ಮೆ ತೆಳು, ಒಮ್ಮೆ ಗಟ್ಟಿ ಆಗುತ್ತದೆ. ಪೆಟ್ರೋಲ್ ಹಾಯುವ ಜೆಟ್ ಎಷ್ಟು ಬದಲಿಸಿದರೂ ಇದು ಸರಿಹೋಗದು, ಏಕೆಂದರೆ ತಪ್ಪು ಜೆಟ್‌ನದ್ದಲ್ಲ. ಗ್ಯಾರೇಜಿನಲ್ಲಿ ನಿಂತಾಗ ಎಲ್ಲ ಸರಿ, ಹೆದ್ದಾರಿಯಲ್ಲಿ ಮಾತ್ರ ಕೆಮ್ಮುತ್ತದೆ ಎಂದರೆ ಮೊದಲ ಸಂಶಯ ಇದರ ಮೇಲಿರಲಿ. ಫಿಲ್ಟರ್ ಎಲಿಮೆಂಟ್ ಈ ಗಾಳಿಯ ಹೊಡೆತವನ್ನು ಸಮ ಮಾಡುತ್ತದೆ. ಅದು ಮಾಡುವ ಈ ಕೆಲಸವನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಪೆಟ್ರೋಲ್‌ಗೆ ಗಾಳಿ ಬೆರೆಸುವ ಏರ್ ಬ್ಲೀಡ್ ತೂತುಗಳದ್ದೂ ಅದೇ ಕಥೆ: ಕೆಲವು ಒಂದು ಮಿಲಿಮೀಟರಿಗಿಂತ ಕಿರಿದು, ಒಂದು ಕಸ ಸಿಕ್ಕಿದರೂ ಆ ಬ್ಯಾರೆಲ್ ಮಿಶ್ರಣ ಕೆಡುತ್ತದೆ.

ಬೆಂಕಿಯ ವಿಷಯದಲ್ಲಿ ರಾಜಿ ಬೇಡ. ಟೈಮಿಂಗ್ ತಪ್ಪಿದಾಗ, ಮಿಶ್ರಣ ತೆಳುವಾದಾಗ, ಇನ್‌ಟೇಕ್ ವಾಲ್ವ್ ಸರಿಯಾಗಿ ಮುಚ್ಚದಾಗ ಜ್ವಾಲೆ ಕಾರ್ಬ್ಯುರೇಟರ್ ಬಾಯಿಂದ ಮೇಲಕ್ಕೆ ಹಾರುತ್ತದೆ. ಮುಚ್ಚಳವಿರುವ ಲೋಹದ ಡಬ್ಬಿ ಅದನ್ನು ಅಷ್ಟಿಷ್ಟು ಹಿಡಿದಿಡುತ್ತದೆ. ತೆರೆದ ಬಾಯಿಯ ಮೇಲೆ ಬಗ್ಗಿ ನೋಡುತ್ತಿರುವವರ ಹುಬ್ಬನ್ನು ಹಿಡಿದಿಡುವವರು ಯಾರೂ ಇಲ್ಲ. ಹಾಗಾಗಿ ಹೊಸ ಎಂಜಿನ್‌ನ ಮೊದಲ ಸ್ಟಾರ್ಟ್ ಯಾವತ್ತೂ ಡಬ್ಬಿ ಹಾಕಿಯೇ ಆಗಲಿ. ಒಬ್ಬರು ಕ್ರ್ಯಾಂಕ್ ಮಾಡುವಾಗ ಇನ್ನೊಬ್ಬರು ಬಾಟಲಿಯಿಂದ ಪೆಟ್ರೋಲ್ ಸುರಿಯುವುದು ಬೇಡವೇ ಬೇಡ. ಬೌಲ್ ಅನ್ನು ವೆಂಟ್ ಮೂಲಕ ಮೊದಲೇ ತುಂಬಿಸಿ, ಬಾಟಲಿ ದೂರವಿಟ್ಟು, ಆಮೇಲೆ ಕೀ ತಿರುಗಿಸಿ. ಫ್ಲಾಟ್ ಟ್ಯಾಪೆಟ್ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಪಳಗಿಸಲು 2000 ಆರ್‌ಪಿಎಂಗೂ ಮೇಲೆ ಇಪ್ಪತ್ತು ಮೂವತ್ತು ನಿಮಿಷ ಓಡಿಸುವಾಗಲೂ ಫಿಲ್ಟರ್ ಮೇಲೆಯೇ ಇರಲಿ. ಹೊಸದಾಗಿ ಹೋನ್ ಮಾಡಿದ ಬೋರ್‌ಗೆ ಧೂಳು ತಾಕಬಾರದ ಹೊತ್ತು ಅದು.

## ಜಾಲರಿ

ಸ್ಟ್ಯಾಕ್ ಬಾಯಿಗೆ ಅಥವಾ ಗಾಳಿ ಹಿಡಿಯುವ ಸ್ಕೂಪ್ ಒಳಗೆ ಸ್ಟೀಲ್ ಜಾಲರಿ ಹಾಕುವುದು ಅಗ್ಗ, ನೋಟಕ್ಕೂ ಧಕ್ಕೆಯಿಲ್ಲ. ಬಿದ್ದ ನಟ್, ಚಿಮ್ಮಿದ ಜಲ್ಲಿ, ಜೀರುಂಡೆ, ಒರೆಸುವ ಬಟ್ಟೆ ಇವನ್ನು ತಡೆಯುತ್ತದೆ. ಧೂಳನ್ನು ತಡೆಯುವುದಿಲ್ಲ. ಕಾಲು ಮಿಲಿಮೀಟರ್ ಕಣ್ಣಿನ ನಯವಾದ ಜಾಲರಿಯೂ 250 ಮೈಕ್ರಾನ್ ಬಾಗಿಲು. ಬೋರ್ ಉಜ್ಜುವ 10 ಮೈಕ್ರಾನ್ ಕಣಕ್ಕೆ ಅದು ಹೆದ್ದಾರಿ. ತಂತಿಗಳು ಬಾಯಿಯ ಜಾಗದ ಒಂದು ಪಾಲನ್ನು ತಿನ್ನುವುದರಿಂದ, ಸ್ಟ್ಯಾಕ್ ಬಾಯಿಗೇ ಬಿಗಿದ ನಯವಾದ ಜಾಲರಿ ದೊಡ್ಡ ಕಾಗದದ ಫಿಲ್ಟರ್‌ಗಿಂತ ಹೆಚ್ಚು ಗಾಳಿ ತಡೆದರೂ ಆಶ್ಚರ್ಯವಿಲ್ಲ. ತಟ್ಟೆಯಂತೆ ಚಪ್ಪಟೆ ಹಾಕದೆ ಗುಮ್ಮಟದಂತೆ ಉಬ್ಬಿಸಿದರೆ ಜಾಗ ಹೆಚ್ಚುತ್ತದೆ. ಅಂಚಿನ ತಂತಿ ಅದುರಿ ತುಂಡಾಗಿ ಒಳಗೆ ಬೀಳದಂತೆ ಬಳೆಯೊಳಗೆ ಮಡಿಸಿ ಭದ್ರ ಮಾಡಿ.

ದೋಣಿ ಎಂಜಿನ್‌ಗಳ, ಜ್ವಾಲೆ ತಡೆಯುವ ಫ್ಲೇಮ್ ಅರೆಸ್ಟರ್ ತಂದು ಕೂರಿಸುವವರೂ ಇದ್ದಾರೆ. ಬೆಂಕಿಗೆ ಅದು ಒಳ್ಳೆಯ ಉತ್ತರ, ಧೂಳಿಗೆ ಉತ್ತರವೇ ಅಲ್ಲ. ನೀರಿನ ಮೇಲೆ ಧೂಳಿರುವುದಿಲ್ಲವೆಂದೇ ಅಲ್ಲಿ ಅದು ಸಾಕಾಗುತ್ತದೆ.

## ಸ್ಟ್ಯಾಕ್‌ಗೆ ಫೋಮ್ ಟೋಪಿ

ಸ್ಟ್ಯಾಕ್ ನೋಟ ಬಿಡಲಾಗದವರಿಗೆ, ಎಂಟು ಥ್ರಾಟಲ್‌ಗಳ ಇಂಜೆಕ್ಷನ್ ಇರುವವರಿಗೆ ಇದೇ ನಡುದಾರಿ. ಷರತ್ತುಗಳಿವೆ. ಫೋಮ್‌ಗೆ ಫಿಲ್ಟರ್ ಆಯಿಲ್ ಹಚ್ಚಿರಬೇಕು, ಒಣ ಫೋಮ್ ನಯವಾದ ಧೂಳನ್ನು ಹಿಡಿಯುವುದು ಅಷ್ಟಕ್ಕಷ್ಟೆ. ಒಳಗೆ ತಂತಿಯ ಚೌಕಟ್ಟು ಇಲ್ಲದಿದ್ದರೆ ಪೂರ್ತಿ ಥ್ರಾಟಲ್‌ನಲ್ಲಿ ಟೋಪಿ ಬಾಯಿಗೇ ಎಳೆದುಕೊಳ್ಳುತ್ತದೆ. ದೊಡ್ಡ ಓವರ್‌ಲ್ಯಾಪ್ ಕ್ಯಾಮ್ (ಒಳ, ಹೊರ ವಾಲ್ವ್ ಎರಡನ್ನೂ ಹೆಚ್ಚು ಹೊತ್ತು ಒಟ್ಟಿಗೆ ತೆರೆದಿಡುವಂಥದ್ದು) ಇರುವ ಎಂಜಿನ್‌ನಲ್ಲಿ ಪೆಟ್ರೋಲ್ ಮಂಜು ಸ್ಟ್ಯಾಕ್ ಬಾಯಿಯ ಮೇಲೆ ತೇಲುತ್ತಿರುತ್ತದೆ. ಅದು ಫೋಮ್‌ಗೆ ಹೀರಿಕೊಂಡರೆ ಆಯಿಲ್ ತೊಳೆದುಹೋಗುತ್ತದೆ, ಪೆಟ್ರೋಲ್‌ಗೆ ಸರಿಹೊಂದದ ಫೋಮ್ ಪುಡಿಪುಡಿಯಾಗಿ ಎಂಜಿನ್ ಸೇರುತ್ತದೆ, ಬ್ಯಾಕ್‌ಫೈರ್ ಆದರೆ ಅದೇ ಬತ್ತಿಯಾಗುತ್ತದೆ. ಆದ್ದರಿಂದ ಬಾಯಿಗೂ ಫೋಮ್‌ಗೂ ಕನಿಷ್ಠ ಎರಡು ಇಂಚು ಅಂತರ ಇರುವ ಎತ್ತರದ ಟೋಪಿ ಆರಿಸಿ. ಬೆರಳಿಂದ ಹಿಸುಕಿದಾಗ ಚೂರು ಉದುರಿದರೆ ಅದೇ ದಿನ ಎಸೆಯಿರಿ.

## ಚಿಕ್ಕ ಕ್ರೋಮ್ ಫಿಲ್ಟರ್

ಹೆಚ್ಚು ಬೈಗುಳ ತಿನ್ನುವ ಆಯ್ಕೆ ಇದು. ಕೆಲವೊಮ್ಮೆ ಅನ್ಯಾಯವಾಗಿ. ಬೇಕಾದ ಎಲಿಮೆಂಟ್ ಜಾಗಕ್ಕೆ ಒಂದು ಸೂತ್ರವಿದೆ: ಕ್ಯೂಬಿಕ್ ಇಂಚು × ಆರ್‌ಪಿಎಂ ÷ 20,839, ಉತ್ತರ ಚದರ ಇಂಚಿನಲ್ಲಿ. ಎಲಿಮೆಂಟ್‌ನಲ್ಲಿ ಇರುವ ಜಾಗಕ್ಕೆ ವ್ಯಾಸ × 3.14 × ಎತ್ತರ. ಎತ್ತರದಿಂದ ಮೇಲೆ ಕೆಳಗಿನ ರಬ್ಬರ್‌ಗಾಗಿ ಮುಕ್ಕಾಲು ಇಂಚು ಕಳೆಯಿರಿ.

350 ಎಂಜಿನ್‌ಗೆ 6000 ಆರ್‌ಪಿಎಂನಲ್ಲಿ ಬೇಕಾದದ್ದು 101. ಅದರ ಮೇಲೆ 6⅜ ಇಂಚು ವ್ಯಾಸ, 2½ ಇಂಚು ಎತ್ತರದ ಕ್ರೋಮ್ ಫಿಲ್ಟರ್ ಕೂರಿಸಿದರೆ ಸಿಗುವುದು 35. ಮೂರನೇ ಒಂದು ಪಾಲು. ಫಿಲ್ಟರ್ ತೆಗೆದಾಗ ಪವರ್ ಬಂತು ಎನ್ನುವವರ ಎಂಜಿನ್ ಮೇಲೆ ಬಹುತೇಕ ಇಂಥದ್ದೇ ಇರುತ್ತದೆ.

ಇನ್ನು 239 ಕ್ಯೂಬಿಕ್ ಇಂಚಿನ ಫೋರ್ಡ್ ಫ್ಲಾಟ್‌ಹೆಡ್ ಎಂಬ ಹಳೆಯ ವಿ8 ತೆಗೆದುಕೊಳ್ಳಿ. 4500 ಆರ್‌ಪಿಎಂಗೆ ಬೇಕಾದದ್ದು 52. ಮೂರು ಸ್ಟ್ರಾಂಬರ್ಗ್ 97 ಕಾರ್ಬ್ಯುರೇಟರ್ ಮೇಲೆ 4 ಇಂಚು ವ್ಯಾಸ, 2 ಇಂಚು ಎತ್ತರದ ಮೂರು ಪುಟ್ಟ ಫಿಲ್ಟರ್ ಇಟ್ಟರೆ ಒಟ್ಟು 47. ಹತ್ತಿರ ಹತ್ತಿರ ಸಾಕು. ಎತ್ತರ ಕಾಲು ಇಂಚು ಹೆಚ್ಚಿಸಿದರೆ ಪೂರ್ತಿ ಸಾಕು. ಎರಡೇ ಕಾರ್ಬ್ಯುರೇಟರ್ ಇದ್ದರೆ 31ಕ್ಕೆ ಇಳಿಯುತ್ತದೆ, ಆಗ 3 ಇಂಚು ಎತ್ತರದವು ಬೇಕು. ಪ್ರೋಗ್ರೆಸಿವ್ ಲಿಂಕೇಜ್ (ಕಾರ್ಬ್ಯುರೇಟರ್‌ಗಳನ್ನು ಒಂದಾದ ಮೇಲೆ ಒಂದು ತೆರೆಯುವ ಜೋಡಣೆ) ಇದ್ದಲ್ಲಿ ನಡುವಿನ ಕಾರ್ಬ್ಯುರೇಟರ್ ಮಾತ್ರ ಸದಾ ದುಡಿಯುವುದರಿಂದ ಅದರ ಫಿಲ್ಟರ್ ಬೇಗ ಕೊಳೆಯಾಗುತ್ತದೆ. ಮೂರನ್ನೂ ಆಗಾಗ ಅದಲು ಬದಲು ಮಾಡಿ. ಹಳೆಯ ನೋಟದ ಫ್ಲಾಟ್‌ಹೆಡ್ ಗಾಡಿಗೆ ಇದು ಒಳ್ಳೆಯ ಆಯ್ಕೆ ಎಂದೇ ನಮ್ಮ ಅಭಿಪ್ರಾಯ.

## ದೊಡ್ಡ ದುಂಡು ಫಿಲ್ಟರ್

14 ಇಂಚು ವ್ಯಾಸ, 3 ಇಂಚು ಎತ್ತರದ ತೆರೆದ ಎಲಿಮೆಂಟ್‌ನಲ್ಲಿ ಸುಮಾರು 99 ಚದರ ಇಂಚು ಸಿಗುತ್ತದೆ; 350ಕ್ಕೆ ಹೇಳಿ ಮಾಡಿಸಿದ ಅಳತೆ. 4 ಇಂಚು ಎತ್ತರದ್ದರಲ್ಲಿ 143. ನಾಲ್ಕು ಬ್ಯಾರೆಲ್ ಹೋಲಿ, ಎಡೆಲ್‌ಬ್ರಾಕ್‌ಗಳ ಬಾಯಿ 5⅛ ಇಂಚು, ಬೇಸ್ ಸಿಗುವುದು ಕಷ್ಟವಲ್ಲ. ರಸ್ತೆಯಲ್ಲಿ ಓಡುವ ಗಾಡಿಗೆ ಕಡಿಮೆ ಖರ್ಚಿನಲ್ಲಿ ಇದನ್ನು ಮೀರಿಸುವುದು ಬೇರೊಂದಿಲ್ಲ.

ಕೂರಿಸುವಾಗ ಗಮನಿಸಬೇಕಾದದ್ದು ಮುಚ್ಚಳದ ಎತ್ತರ. ಕಾರ್ಬ್ಯುರೇಟರ್ ಬಾಯಿಯಿಂದ ಮುಚ್ಚಳದ ಒಳಮೈಗೆ ಎರಡು ಇಂಚು ಬೇಕು, ಒಂದೂವರೆಗಿಂತ ಕಡಿಮೆ ಬೇಡ. ಜಾಗ ಉಳಿಸಲು ತಗ್ಗಿನ ಬೇಸ್ ಹಾಕಿದಾಗ ಮುಚ್ಚಳ ವೆಂಟ್ ಕೊಳವೆಗಳ ಮೇಲೆಯೇ ಕೂತು ಮಿಶ್ರಣ ಕೆಡಿಸುವುದು ಇಲ್ಲಿಯ ದೊಡ್ಡ ತಪ್ಪು. ಬೇಸ್ ಕೆಳಗೆ ಡಿಸ್ಟ್ರಿಬ್ಯೂಟರ್ ಕ್ಯಾಪ್, ಚೋಕ್, ಪೆಟ್ರೋಲ್ ಪೈಪ್ ತಾಕುತ್ತವೆಯೇ ನೋಡಿ. ಥ್ರಾಟಲ್ ಪೂರ್ತಿ ಒತ್ತಿ ಲಿಂಕೇಜ್ ಸಿಕ್ಕಿಕೊಳ್ಳದೆ ಮರಳುತ್ತದೆಯೇ ಪರೀಕ್ಷಿಸಿ. ವಿಂಗ್ ನಟ್ ಅನ್ನು ಬೆರಳಲ್ಲೇ ಬಿಗಿ ಮಾಡಿ, ಇಕ್ಕಳ ಬೇಡ. ಹೆಚ್ಚು ಬಿಗಿದರೆ ಕಾರ್ಬ್ಯುರೇಟರ್ ಬಾಯಿ ಡೊಂಕಾಗಿ ಚೋಕ್ ತಟ್ಟೆ ಹಿಡಿದುಕೊಳ್ಳುತ್ತದೆ. ಅದು ಸಡಿಲಾಗಿ ಕಳಚಿ ಬೀಳುವ ಭಯವಿದ್ದರೆ ನೈಲಾನ್ ಲಾಕ್ ನಟ್ ಹಾಕಿ.

ಎಲಿಮೆಂಟ್ ಯಾವುದು? ಕಾಗದದ್ದು ನಯ ಧೂಳನ್ನು ಚೆನ್ನಾಗಿ ಹಿಡಿಯುತ್ತದೆ, ಅಗ್ಗ. ತೊಳೆಯುವಂತಿಲ್ಲ, ನೆನೆದರೆ ಉಸಿರು ಕಟ್ಟುತ್ತದೆ. ಬಾನೆಟ್ ಇಲ್ಲದ ಗಾಡಿ ಮಳೆಗೆ ಸಿಕ್ಕುವಂತಿದ್ದರೆ ಇದನ್ನು ನೆನಪಿಡಿ. ಆಯಿಲ್ ಹಚ್ಚಿದ ಹತ್ತಿ ಬಟ್ಟೆಯದ್ದು ಗಾಳಿಯನ್ನು ಸರಾಗವಾಗಿ ಬಿಡುತ್ತದೆ, ವರ್ಷಾನುಗಟ್ಟಲೆ ಬರುತ್ತದೆ. ಆಯಿಲ್ ಒಣಗಿದರೆ ಧೂಳೂ ಸರಾಗವಾಗಿ ಹೋಗುತ್ತದೆ. ಕ್ಲೀನರ್ ಸಿಂಪಡಿಸಿ ಹತ್ತು ನಿಮಿಷ ಬಿಟ್ಟು, ಒಳಗಿನಿಂದ ಹೊರಕ್ಕೆ ಮೆಲ್ಲಗೆ ನೀರು ಹಾಯಿಸಿ, ನೆರಳಲ್ಲಿ ಒಣಗಿಸಿ, ಮತ್ತೆ ಆಯಿಲ್ ಹಚ್ಚಬೇಕು. ಕಂಪ್ರೆಸರ್ ಗಾಳಿ ಹೊಡೆದರೆ ಬಟ್ಟೆಯ ಎಳೆ ಸರಿಯುತ್ತದೆ. ಇಂಜೆಕ್ಷನ್ ಇದ್ದು ಗಾಳಿಯನ್ನು ಅಳೆಯುವ ಮಾಸ್ ಏರ್‌ಫ್ಲೋ ಸೆನ್ಸರ್ ಇದ್ದರೆ ಹೆಚ್ಚಾದ ಆಯಿಲ್ ಅದರ ತಂತಿಗೆ ಅಂಟಿ ತಪ್ಪು ಲೆಕ್ಕ ಕೊಡುತ್ತದೆ. ಅಂಥವರಿಗೆ ಆಯಿಲ್ ಬೇಡದ ಸಿಂಥೆಟಿಕ್ ಎಲಿಮೆಂಟ್ ನೆಮ್ಮದಿ, ಬೆಲೆ ಹೆಚ್ಚು. ಕಾರ್ಬ್ಯುರೇಟರ್ ಗಾಡಿ, ಮಿತವಾದ ಬಜೆಟ್, ಒಣ ಹವೆ ಎಂದರೆ ಕಾಗದವೇ ಸಾಕು.

ಬಾನೆಟ್ ಇರುವ ಗಾಡಿಗೆ ಇನ್ನೊಂದು ಮಾತು. ಎಂಜಿನ್ ಪಕ್ಕದ ಬಿಸಿ ಗಾಳಿ ಹೊರಗಿನದ್ದಕ್ಕಿಂತ 30 ಡಿಗ್ರಿ ಹೆಚ್ಚಿದ್ದರೆ ಅದರ ಸಾಂದ್ರತೆ ಒಂಬತ್ತು ಶೇಕಡಾದಷ್ಟು ಇಳಿಯುತ್ತದೆ. ಫಿಲ್ಟರ್ ತೆಗೆದು ಗಳಿಸುವ ಅರ್ಧ ಶೇಕಡಾಕ್ಕೆ ಹೋಲಿಸಿ ನೋಡಿ. ಹಣ ಇರುವುದು ಒಂದೇ ಕೆಲಸಕ್ಕೆ ಎಂದಾದರೆ ಹೊರಗಿನ ತಂಪು ಗಾಳಿ ತರುವ ಮುಚ್ಚಿದ ಡಬ್ಬಿ ಮತ್ತು ಕೊಳವೆಗೆ ಹಾಕಿ.

## ಬ್ಲೋವರ್, ಟರ್ಬೊ

ಟರ್ಬೊ ಇದ್ದರೆ ಚರ್ಚೆಯೇ ಇಲ್ಲ: ನಿಮಿಷಕ್ಕೆ ಲಕ್ಷ ಸುತ್ತು ಮೀರಿ ತಿರುಗುವ ಕಂಪ್ರೆಸರ್ ಚಕ್ರದ ಅಂಚನ್ನು ಮರಳು ಕೊರೆದುಬಿಡುತ್ತದೆ, ಸಣ್ಣ ನಟ್ ಹೋದರೆ ಚಕ್ರವೇ ಹೋಯಿತು. ಎಂಜಿನ್ನೇ ತಿರುಗಿಸಿ ಗಾಳಿ ಒತ್ತಿ ತುಂಬುವ 6-71 ಮಾದರಿಯ ಬ್ಲೋವರ್‌ನಲ್ಲಿ ರೋಟರ್‌ಗೂ ಕೇಸ್‌ಗೂ ನಡುವಿನ ಅಂತರ ಸಾವಿರಾಂಶ ಇಂಚುಗಳಲ್ಲಿ. ಕಲ್ಲಿನ ಚೂರು ಒಳಹೊಕ್ಕರೆ ಎರಡೂ ಗೀರಿ ಬೂಸ್ಟ್ ಇಳಿಯುತ್ತದೆ. ಪ್ರದರ್ಶನಕ್ಕೆ ಹೋಗಿಬರುವ ಗಾಡಿಗೆ ಸ್ಕೂಪ್ ಒಳಗೆ ಫಿಲ್ಟರ್ ಅಡಗಿಸುವುದು ಒಳ್ಳೆಯದು. ಹೊರಗೆ ಸ್ಕೂಪ್, ಒಳಗೆ ಎಲಿಮೆಂಟ್. ಜಾಗದ ಲೆಕ್ಕದಲ್ಲಿ ಬೂಸ್ಟ್ ಸೇರಿಸಲು ಮರೆಯಬೇಡಿ: 7 ಪಿಎಸ್‌ಐ ಎಂದರೆ ಗಾಳಿ ಒಂದೂವರೆ ಪಟ್ಟು, ಎಲಿಮೆಂಟ್ ಕೂಡ ಒಂದೂವರೆ ಪಟ್ಟು.

## ಹಾಕಿದ ಮೇಲೆ, ಅಥವಾ ಹಾಕದೇ ಓಡಿಸಿದ ಮೇಲೆ

ಯಾವ ಫಿಲ್ಟರ್ ಆದರೂ ಸುತ್ತಲಿನ ಸೀಲ್ ಬಿಟ್ಟಿದ್ದರೆ ಹಾಕಿದ್ದೂ ದಂಡ. ಎಲಿಮೆಂಟ್‌ನ ಒಳಬದಿ, ಬೇಸ್ ಮೇಲೆ ತೆಳ್ಳಗೆ ಗ್ರೀಸ್ ಸವರಿ 200 ಕಿಲೋಮೀಟರ್ ಓಡಿಸಿ ಬೆರಳಾಡಿಸಿ. ಗ್ರೀಸ್ ಮೇಲೆ ಧೂಳಿನ ಗೆರೆ ಕಂಡರೆ ಅದು ಶುರುವಾಗುವ ಕಡೆಯೇ ಸೋರಿಕೆ. ಬೇಸ್ ಗ್ಯಾಸ್ಕೆಟ್, ಬ್ರೀದರ್ ಕೊಳವೆಯ ತೂತು, ಸ್ಟಡ್ ಸುತ್ತ ನೋಡಿ. ವಾಲ್ವ್ ಕವರ್‌ನ ಬ್ರೀದರ್‌ಗೂ ಫಿಲ್ಟರ್ ಇರಬೇಕು, ಪಿಸಿವಿ (ಕ್ರ್ಯಾಂಕ್‌ಕೇಸ್‌ನ ಹೊಗೆ ಹೀರುವ ವಾಲ್ವ್) ಎಳೆಯುವ ಗಾಳಿ ಅಲ್ಲಿಂದಲೇ ಒಳಗೆ ಬರುವುದು.

ಈಗಾಗಲೇ ಫಿಲ್ಟರ್ ಇಲ್ಲದೆ ಓಡಿಸಿದ್ದರೆ ಗಾಬರಿಯಿಂದ ಬಿಚ್ಚುವುದು ಬೇಡ. ಆಯಿಲ್ ಬದಲಿಸುವಾಗ ಮಾದರಿ ತೆಗೆದು ಪ್ರಯೋಗಾಲಯಕ್ಕೆ ಕೊಡಿ. ಸಿಲಿಕಾನ್ ಮತ್ತು ಕಬ್ಬಿಣ ಎರಡೂ ಒಟ್ಟಿಗೆ ಏರಿದ್ದರೆ ಧೂಳು ತಿಂದಿದೆ. ಸಿಲಿಕಾನ್ ಒಂದೇ ಏರಿದ್ದರೆ ಹೊಸ ಎಂಜಿನ್‌ನ ಗ್ಯಾಸ್ಕೆಟ್ ಸಿಲಿಕೋನ್ ಅಂಟು ಕಾರಣವಿರಬಹುದು. ಬಿಸಿ ಎಂಜಿನ್‌ನಲ್ಲಿ ಲೀಕ್‌ಡೌನ್ 10 ಶೇಕಡಾದೊಳಗೆ ಇದ್ದರೆ ಇನ್ನೂ ಆರೋಗ್ಯವಾಗಿದೆ. 20 ದಾಟಿ ಬ್ರೀದರ್ ಕಡೆಯಿಂದ ಗಾಳಿ ಬುಸುಗುಟ್ಟಿದರೆ ರಿಂಗ್ ಸವೆದಿದೆ. ಬ್ಯಾಕ್‌ಫೈರ್ ಆದ ಹಳೆಯ ಹೋಲಿಯಲ್ಲಿ ಐಡ್ಲಿಂಗ್‌ನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಕಪ್ಪು ಹೊಗೆ ಉಗುಳತೊಡಗಿದರೆ, ಹೆಚ್ಚುವರಿ ಪೆಟ್ರೋಲ್ ಬಿಡುವ ಪವರ್ ವಾಲ್ವ್‌ನ ಡಯಾಫ್ರಮ್ ಹರಿದಿದೆ ಎಂದು ತಿಳಿಯಿರಿ, ರಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ.

ಪ್ರದರ್ಶನದಲ್ಲಿ ಸ್ಟ್ಯಾಕ್ ತೆರೆದಿಟ್ಟು, ಅಲ್ಲಿಗೆ ಹೋಗಿಬರುವ ದಾರಿಗೆ ಫಿಲ್ಟರ್ ಹಾಕಿಕೊಳ್ಳುವುದೂ ಆಗುವ ಮಾತೇ. ಒಂದು ಸ್ಟಡ್, ಒಂದು ನಟ್, ಎರಡು ನಿಮಿಷದ ಕೆಲಸ. ನಿಲ್ಲಿಸಿದಾಗ ಪ್ರತಿ ಬಾಯಿಗೂ ಬಿಗಿ ಮುಚ್ಚಳ ಇರಲಿ. ಬಟ್ಟೆ ತುರುಕಬೇಡಿ, ಸ್ಟಾರ್ಟ್ ಮಾಡುವಾಗ ಅದು ಒಳಗೆ ಹೋಗುತ್ತದೆ. ಮುಚ್ಚಳಗಳನ್ನೆಲ್ಲ ಕೆಂಪು ದಾರದಿಂದ ಪೋಣಿಸಿ, ದಾರದ ತುದಿಯನ್ನು ಸ್ಟೀರಿಂಗ್‌ಗೆ ಕಟ್ಟಿ. ಅವನ್ನು ತೆಗೆಯದೆ ಕೀ ತಿರುಗಿಸಲು ಕೈ ಹೋಗುವುದಿಲ್ಲ.